ಗುರಿಗಾರನ ಗ್ರಂಥಭಂಡಾರ

ಹಳೆಯ ಕಾವ್ಯವನ್ನು ಸಂಪಾದಿಸುವ ಪಂಡಿತನಿಗೆ ಪಾಠಾಂತರವೆಂದರೆ ಹಬ್ಬ. ಒಂದು ಓಲೆಗರಿಯಲ್ಲಿ ಒಂದು ಅಕ್ಷರ, ಮತ್ತೊಂದರಲ್ಲಿ ಬೇರೊಂದು. ಕವಿಯದು ಯಾವುದು, ಲಿಪಿಕಾರನದು ಯಾವುದು ಎಂದು ಚರ್ಚಿಸುತ್ತ ವರ್ಷಗಳನ್ನೇ ಕಳೆಯಬಹುದು. ತಪ್ಪು ಪಾಠವನ್ನು ಒಪ್ಪಿದ ಮಾತ್ರಕ್ಕೆ ಯಾರ ಕಣ್ಣೂ ಹೋಗುವುದಿಲ್ಲ. ಆದರೆ ಒಂದು ಅಂಕಿ ಪಲ್ಲಟವಾದರೆ ಓದುಗನ ಕೈಗೂ ಕಣ್ಣಿಗೂ ಸಂಚಕಾರ ತರುವ ಗ್ರಂಥಗಳೂ ಲೋಕದಲ್ಲಿ ಉಂಟು.

ಅಮೆರಿಕದಲ್ಲಿ ಗುರಿಕಾರರೂ ಬೇಟೆಗಾರರೂ ಹಾರಿಸಿದ ತೋಟಾಗಳ ಹಿತ್ತಾಳೆಯ ಚಿಪ್ಪನ್ನು ಎಸೆಯುವುದಿಲ್ಲ. ಅದಕ್ಕೆ ಹೊಸ ಪ್ರೈಮರ್, ಹೊಸ ಮದ್ದು, ಹೊಸ ಗುಂಡು ಕೂಡಿಸಿ ಮನೆಯಲ್ಲಿಯೇ ಮತ್ತೆ ಸಿದ್ಧಪಡಿಸುವರು. ಇದಕ್ಕೆ ರೀಲೋಡಿಂಗ್ ಎಂದು ಹೆಸರು. ಹಣದ ಉಳಿತಾಯ ಒಂದು ಕಾರಣ. ತನ್ನ ರೈಫಲಿಗೆ ಒಗ್ಗುವ ತೋಟಾವನ್ನು ತಾನೇ ರೂಪಿಸಿಕೊಳ್ಳುವ ಸಂತೋಷ ಇನ್ನೊಂದು. ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. ಇಷ್ಟು ಸೂಕ್ಷ್ಮವಾದ ತೂಕದ ಮೇಲೆ ನಿಂತಿರುವುದು ಚದರ ಅಂಗುಲಕ್ಕೆ 60,000 ಪೌಂಡಿನವರೆಗೂ ಏರಬಲ್ಲ ಒತ್ತಡ. ಅದನ್ನು ಅಳೆಯುವ ಯಂತ್ರ ಪ್ರಯೋಗಶಾಲೆಯಲ್ಲಿರುತ್ತದೆಯೇ ಹೊರತು ಮನೆಯ ಮೇಜಿನ ಮೇಲಲ್ಲ. ಆದುದರಿಂದ ಅವನಿಗೆ ಪ್ರಯೋಗಶಾಲೆಯೂ ಗುರುವೂ ಪುಸ್ತಕವೇ.

ಹಾಗಾದರೆ ಯಾವ ಪುಸ್ತಕ? ಮೊದಲನೆಯದು ಅಳತೆಯ ಕೈಪಿಡಿ. ಲೈಮನ್, ಸ್ಪೀರ್, ಹಾರ್ನಡಿ ಮೊದಲಾದ ತಯಾರಕರು ತಾವೇ ಪರೀಕ್ಷಿಸಿದ ಅಂಕಿಗಳನ್ನು ಅಚ್ಚುಹಾಕಿಸುತ್ತ ಬಂದಿದ್ದಾರೆ. ಕಾವ್ಯದಲ್ಲಿ ಪ್ರತಿ ಹಳೆಯದಾದಷ್ಟೂ ಅದಕ್ಕೆ ಮನ್ನಣೆ. ಇಲ್ಲಿ ನ್ಯಾಯ ತಿರುಗುಮುರುಗು. ಹೆಸರು ಅದೇ ಆದರೂ ವರ್ಷಗಳು ಕಳೆದಂತೆ ಮದ್ದಿನ ಗುಣ ಬದಲಾಗಿರಬಹುದು. ಒತ್ತಡವನ್ನು ಅಳೆಯುವ ಕ್ರಮವೂ ಬದಲಾಗಿದೆ: ಹಿಂದೆ ತಾಮ್ರದ ತುಣುಕು ಎಷ್ಟು ಜಜ್ಜಿತೆಂದು ನೋಡುತ್ತಿದ್ದರು, ಈಗ ವಿದ್ಯುತ್ ಸಂವೇದಕಗಳು ಬಂದಿವೆ. ಆ ಅಂಕಿಯನ್ನು ಈ ಅಂಕಿಯೊಡನೆ ನೇರವಾಗಿ ಹೋಲಿಸಲಾಗದು. ತಾತನ ಕೈಪಿಡಿಗೆ ಕಪಾಟಿನಲ್ಲಿ ಗೌರವದ ಸ್ಥಾನವಿರಲಿ. ತಕ್ಕಡಿಯ ಪಕ್ಕದಲ್ಲಿ ಮಾತ್ರ ಹೊಸ ಮುದ್ರಣವೇ ಇರಬೇಕು. ಯಾವ ಬಂದೂಕು, ಯಾವ ಗುಂಡು, ಯಾವ ಮದ್ದು, ನಳಿಕೆಯ ಉದ್ದವೆಷ್ಟು ಎಂಬುದನ್ನು ಹೇಳದೆ ಬರಿಯ ಅಂಕಿಯನ್ನು ಕೊಡುವ ಪುಸ್ತಕ ಎಷ್ಟು ಅಂದವಾಗಿದ್ದರೂ ತ್ಯಾಜ್ಯ. ಎರಡು ಒಳ್ಳೆಯ ಪುಸ್ತಕಗಳು ಭಿನ್ನ ಅಂಕಿಗಳನ್ನು ಕೊಟ್ಟರೆ ಬಲ್ಲವನು ಕೆಳಗಿನದರಿಂದ ಆರಂಭಿಸುತ್ತಾನೆ.

ಎರಡನೆಯದು ತತ್ತ್ವವನ್ನು ತಿಳಿಸುವ ಗ್ರಂಥ. ಇದು ಬೇಗ ಹಳತಾಗುವುದಿಲ್ಲ. ಅಮೆರಿಕದ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ 1947ರಲ್ಲಿ ಪ್ರಕಟಿಸಿದ ‘ಹ್ಯಾಚರ್ಸ್ ನೋಟ್‌ಬುಕ್’ ಇದಕ್ಕೆ ನಿದರ್ಶನ. ಮೊದಲ ಮಹಾಯುದ್ಧದ ಕಾಲದಲ್ಲಿ ಕೆಲವು ಸ್ಪ್ರಿಂಗ್‌ಫೀಲ್ಡ್ ರೈಫಲುಗಳು ಸಿಪಾಯಿಯ ಕೈಯಲ್ಲಿಯೇ ಸಿಡಿದ ಪ್ರಸಂಗ ಅದರಲ್ಲಿದೆ. ಕಾರ್ಖಾನೆಯ ನುರಿತ ಕೆಲಸಗಾರರು ಕಾದ ಉಕ್ಕಿನ ಹದವನ್ನು ಬಣ್ಣ ನೋಡಿಯೇ ಹೇಳುತ್ತಿದ್ದರು. ಉಷ್ಣಮಾಪಕವಿಟ್ಟು ನೋಡಿದಾಗ ನಿಜಸ್ಥಿತಿ ಹೊರಬಿತ್ತು: ಬಿಸಿಲಿನ ದಿನ ‘ಸರಿಯಾದ ಹದ’ ಎಂದು ಕಂಡ ಉಕ್ಕು, ಮೋಡದ ದಿನ ಹಾಗೆ ಕಂಡದ್ದಕ್ಕಿಂತ 300 ಡಿಗ್ರಿ ಫ್ಯಾರನ್‌ಹೀಟಿನವರೆಗೂ ಹೆಚ್ಚು ಕಾದಿರುತ್ತಿತ್ತು! ಹೆಚ್ಚು ಬೆಂದ ಉಕ್ಕು ಪೆಡಸಾಯಿತು. ಅನುಭವಿಯ ಕಣ್ಣನ್ನು ಸೂರ್ಯನೇ ವಂಚಿಸಿದ್ದನು. ‘ನನ್ನ ಕೈಯಳತೆ ತಪ್ಪುವುದಿಲ್ಲ’ ಎನ್ನುವವನು ಅಳತೆಯ ಕೈಪಿಡಿಗಿಂತ ಮೊದಲು ಓದಬೇಕಾದದ್ದು ಈ ಕಥೆಯನ್ನು.

ಮೂರನೆಯದು ಗುರಿಕಾರನ ಮನಸ್ಸನ್ನು ಕುರಿತದ್ದು. ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ; 1972ರ ವನ್ಯಜೀವಿ ಕಾಯಿದೆಯಿಂದ ಬೇಟೆಯ ಕಾಲವೂ ಮುಗಿಯಿತು. ಕೋವಿಯನ್ನು ಪೂಜಿಸುವ ಕೊಡಗಿನಲ್ಲಿಯೂ ಅದು ಇಂದು ಹೆಚ್ಚಾಗಿ ಸಂಪ್ರದಾಯದ, ಗೌರವದ ವಸ್ತು. ಆದುದರಿಂದ ನಮ್ಮ ಮನೆಗಳಿಗೆ ಹೆಚ್ಚು ಹೊಂದುವುದು ಈ ಮೂರನೆಯ ಬಗೆ. 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ 2011ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. ಅವರು ಗೆದ್ದದ್ದು ಏರ್ ರೈಫಲಿನಲ್ಲಿ. ಅದಕ್ಕೆ ಮದ್ದೇ ಬೇಡ, ಉಸಿರಿನ ಹಿಡಿತ ಬೇಕು.

ಈ ಮೂರನ್ನೂ ಮೀರಿದ ನಾಲ್ಕನೆಯ ಪುಸ್ತಕವೊಂದಿದೆ. ಅದು ಯಾವ ಅಂಗಡಿಯಲ್ಲಿಯೂ ಬರೆದು ಸಿದ್ಧವಾಗಿ ಸಿಕ್ಕುವುದಿಲ್ಲ. ಅದು ಖಾಲಿ ಹಾಳೆಗಳ ನೋಟುಪುಸ್ತಕ. ಎಂದು, ಯಾವ ಮದ್ದು, ಎಷ್ಟು ಗ್ರೇನ್, ಯಾವ ಗುಂಡು, ಫಲವೇನು ಎಂದು ಎಚ್ಚರವುಳ್ಳವನು ಅದರಲ್ಲಿ ಅಂದಂದೇ ಬರೆದಿಡುತ್ತಾನೆ. ಡಬ್ಬಿಯ ಮೇಲೂ ಚೀಟಿ ಅಂಟಿಸುತ್ತಾನೆ. ಚೀಟಿಯಿಲ್ಲದ ತೋಟಾ ತಾನೇ ತುಂಬಿದ್ದಾದರೂ ಸರಿಯೆ, ಅದನ್ನು ಬಂದೂಕಿಗೆ ಹಾಕುವುದಿಲ್ಲ.