ಒಂದು ಅರ್ಜಿಯೂ ಒಂದು ಹೆಸರೂ

ನಮ್ಮ ಶಾಲೆಯ ಈ ಸ್ಮರಣಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ತಂತಮ್ಮ ಅನುಭವಗಳಲ್ಲಿ ಒಂದನ್ನು ಬರೆದು ಕಳುಹಿಸಬೇಕೆಂದು ಮುಖ್ಯೋಪಾಧ್ಯಾಯಿನಿಯವರ ಅಪ್ಪಣೆಯಾಗಿರುವುದು. ಹೇಳಿಕೊಳ್ಳುವಂತಹ ದೊಡ್ಡ ಕಾರ್ಯವೇನನ್ನೂ ನಾವು ಮಾಡಿಲ್ಲ. ಆದುದರಿಂದ ಒಂದು ನೌಕರಿಗಾಗಿ ನಾವು ಬರೆದ ಅರ್ಜಿಯ ವೃತ್ತಾಂತವನ್ನೂ ಅದರಿಂದ ನಮಗುಂಟಾದ ತಿಳಿವಳಿಕೆಯನ್ನೂ ಇಲ್ಲಿ ನಿವೇದಿಸುವೆವು.

ನಾವು ಯಾದಗಿರಿಯಲ್ಲಿ ವಕೀಲಿ ಮಾಡುತ್ತಿರುವೆವು. ಹೊಲದ ಬದುವಿನ ವ್ಯಾಜ್ಯ, ವಾರಸುದಾರಿಕೆ, ಜೀವನಾಂಶ, ಇವೇ ನಮ್ಮ ನಿತ್ಯದ ಕೆಲಸಗಳು. 2024ನೆಯ ಇಸವಿಯ ಜನವರಿಯಲ್ಲಿ, ಲಾಭದ ಆಸೆಯಿಲ್ಲದೆ ನಡೆಯುವ ಒಂದು ಸೇವಾಸಂಸ್ಥೆಗೆ ಮತದಾರರ ಹಕ್ಕುಗಳಿಗಾಗಿ ದುಡಿಯುವ ವಕೀಲರು ಬೇಕಾಗಿರುವರೆಂದು ತಿಳಿದುಬಂದಿತು. ಸಂಬಳವೂ ಚೆನ್ನಾಗಿತ್ತು, ಹೆಸರೂ ಬರುವಂತಹದಾಗಿತ್ತು. ನಾವು ಉತ್ಸಾಹದಿಂದ ಅರ್ಜಿ ಬರೆಯಲು ಕುಳಿತೆವು.

ವಿದ್ಯಾರ್ಹತೆ, ಸನ್ನದಿನ ವರ್ಷ, ಬಲ್ಲ ಭಾಷೆಗಳು, ಇವೆಲ್ಲ ಸುಲಭವಾಗಿ ತುಂಬಿದವು. ಈ ಕೆಲಸದಲ್ಲಿ ನಿಮಗೇಕೆ ಆಸಕ್ತಿಯೆಂಬುದಕ್ಕೆ ಎರಡು ಪುಟ ಬರೆದೆವು. ಕ್ರೈಸ್ತ ಮನೆತನದ ಕಾರ್ನೀಲಿಯಾ ಸೊರಾಬ್ಜಿಯವರು 1892ರಲ್ಲಿ ಆಕ್ಸ್‌ಫರ್ಡಿನಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆಗೆ ಕುಳಿತುದನ್ನೂ, ಪದವಿಗಾಗಿ 1922ರ ವರೆಗೆ ಕಾದುದನ್ನೂ, ನಮ್ಮ ದೇಶದ ಸ್ತ್ರೀಯರಿಗೆ ವಕೀಲಿಯ ಬಾಗಿಲನ್ನು ತೆರೆದ 1923ರ ಕಾಯಿದೆಯನ್ನೂ ವರ್ಣಿಸಿದೆವು. 1917ರಲ್ಲಿ ಸರೋಜಿನಿ ನಾಯಿಡು ಅವರ ನೇತೃತ್ವದಲ್ಲಿ ಸ್ತ್ರೀಯರ ನಿಯೋಗವೊಂದು ಮದರಾಸಿನಲ್ಲಿ ಮಾಂಟೆಗ್ಯು ಸಾಹೇಬರನ್ನು ಕಂಡು ಮತದ ಹಕ್ಕು ಕೇಳಿದುದನ್ನು ಬರೆದೆವು. 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದ ಯಾದಗಿರಿ, ಶಹಾಪುರ, ಸುರಪುರಗಳ ಜನರು ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆಯಲ್ಲಿ ವಯಸ್ಕ ಮತದಾನದ ಹಕ್ಕನ್ನು ಪಡೆದುದನ್ನೂ ಸೇರಿಸಿದೆವು. ಅದೇ ಚುನಾವಣೆಯ ಯಾದಿಯನ್ನು ಸಿದ್ಧಪಡಿಸುವಾಗ, ಮುಖ್ಯವಾಗಿ ಉತ್ತರದ ಪ್ರಾಂತಗಳಲ್ಲಿ, ಇಂತಹವರ ಹೆಂಡತಿ, ಇಂತಹವರ ಮಗಳು ಎಂದಲ್ಲದೆ ತಮ್ಮ ಹೆಸರನ್ನು ಹೇಳದ ಸುಮಾರು 28 ಲಕ್ಷ ಸ್ತ್ರೀಯರು ಯಾದಿಯಿಂದ ಹೊರಗುಳಿದುದನ್ನು ಬರೆದಾಗ ನಮ್ಮ ಕಣ್ಣೂ ತೇವವಾಯಿತು.

ಕೊನೆಯ ಪ್ರಶ್ನೆ ಹೀಗಿತ್ತು: ಮತ ಕಳೆದುಕೊಂಡ ಒಬ್ಬರಿಗಾಗಿ ನೀವು ಮಾಡಿದ ಕೆಲಸವನ್ನು ತಿಳಿಸಿರಿ. ಲೇಖನಿ ಅಲ್ಲಿ ನಿಂತಿತು. 28 ಲಕ್ಷ ಸ್ತ್ರೀಯರಿಗಾಗಿ ಮರುಗಿದ ನಾವು ಒಬ್ಬಳಿಗೂ ಏನನ್ನೂ ಮಾಡಿರಲಿಲ್ಲ. ಅಷ್ಟೇ ಅಲ್ಲ, ಒಬ್ಬಳನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸಿದ್ದೆವು.

2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಾದ ಮೂರನೆಯ ದಿನ ಸುರಪುರ ಸೀಮೆಯ ಒಬ್ಬ ಮುದುಕಿ ನಮ್ಮಲ್ಲಿಗೆ ಬಂದಿದ್ದಳು. ಮಗನೂ ಸೊಸೆಯೂ ಬೆಂಗಳೂರಿಗೆ ಕಟ್ಟಡದ ಕೂಲಿಗೆ ಹೋಗುವರು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಈಕೆಯೂ ವರ್ಷದಲ್ಲಿ ಕೆಲವು ತಿಂಗಳು ಅಲ್ಲಿರುವಳು. ಮತದ ದಿನಕ್ಕೆಂದು ಊರಿಗೆ ಬಂದರೆ ಯಾದಿಯಲ್ಲಿ ಆಕೆಯ ಹೆಸರಿಲ್ಲ. "ಯವ್ವಾ, ನಾ ಇನ್ನಾ ಜೀವಂತ ಅದೀನಿ ಅಂತ ಒಂದು ಕಾಗದ ಬರದು ಕೊಡ್ರಿ," ಎಂದಳು. ಆ ಹೊತ್ತು ನಮಗೆ ಬೇರೆ ಮೊಕದ್ದಮೆಯ ಅವಸರ. "ಚುನಾವಣಿ ಮುಗದು ಹೋಯ್ತು ಆಯಿ, ಇದು ಕೋರ್ಟಿನ ಕೆಲಸಲ್ಲ," ಎಂದೆವು. ಆಕೆ ಕೈಮುಗಿದು ಹೋದಳು.

ಭಾನುವಾರದ ಪಾಠದಲ್ಲಿ ವಿಧವೆಯ ಮತ್ತು ಅನ್ಯಾಯಗಾರನಾದ ನ್ಯಾಯಾಧಿಪತಿಯ ಸಾಮ್ಯವನ್ನು ನಾವೆಲ್ಲರೂ ಕಲಿತಿರುವೆವಷ್ಟೆ. ಅಂದು ನಾವು ಯಾವಾಗಲೂ ವಿಧವೆಯ ಪಕ್ಷದಲ್ಲಿಯೇ ಇದ್ದೆವು. ಈಗ ನೋಡಿದರೆ ನಮ್ಮ ಸ್ಥಾನವು ಮತ್ತೊಂದು ಕಡೆಯಲ್ಲಿತ್ತು. ಆ ನ್ಯಾಯಾಧಿಪತಿಯಾದರೂ ಕೊನೆಗೆ ಕಿವಿಗೊಟ್ಟನು.

ಅರ್ಜಿಯನ್ನು ಹಾಗೆಯೇ ಬಿಟ್ಟು ಮರುದಿನ ಹೊರಟೆವು. ಭೀಮೆಯನ್ನು ದಾಟಿ, ಮಲಗಿದ ಬುದ್ಧನಂತೆ ತೋರುವ ಶಹಾಪುರದ ಬೆಟ್ಟವನ್ನು ಕಂಡು, ಸುರಪುರಕ್ಕೆ ಹೋಗಿ, ಅಲ್ಲಿಂದ ಆಕೆಯ ಹಳ್ಳಿಯನ್ನು ಸೇರಿದೆವು. ಮನೆಗೆ ಬೀಗ ಹಾಕಿತ್ತು. ಯಾದಿಯನ್ನು ಪರೀಕ್ಷಿಸಲು ಬಂದವರೂ ಇದೇ ಬೀಗವನ್ನು ಕಂಡು ಊರು ಬಿಟ್ಟಿರುವಳೆಂದು ಬರೆದುಕೊಂಡಿರಬಹುದು. ಆದರೆ 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯು, ತಾತ್ಕಾಲಿಕವಾಗಿ ಮನೆ ಬಿಟ್ಟು ಹೋದ ಮಾತ್ರಕ್ಕೆ ಒಬ್ಬರ ವಾಸವು ತಪ್ಪಿತೆಂದು ಎಣಿಸಕೂಡದೆಂದು 20ನೆಯ ಕಲಮಿನಲ್ಲಿ ಹೇಳುತ್ತದೆ. ವಾಸವಿಲ್ಲವೆಂಬ ಕಾರಣದಿಂದ ಹೆಸರು ತೆಗೆಯುವ ಮುನ್ನ ಅವರ ಮಾತನ್ನು ಕೇಳಲು ಅವಕಾಶ ಕೊಡಬೇಕೆಂದು 22ನೆಯ ಕಲಮು ವಿಧಿಸುತ್ತದೆ. ಈ ಎರಡು ಕಲಮುಗಳು ನಮ್ಮ ಕಪಾಟಿನ ಪುಸ್ತಕದಲ್ಲಿಯೇ ಇದ್ದವು. ಆಕೆ ಬಂದ ದಿನವೂ ಇದ್ದವು.

ನೆರೆಯವರಿಗೆ ಹೇಳಿ ಬಂದು, ಹದಿನೈದು ದಿನಗಳ ಮೇಲೆ ಮತ್ತೆ ಹೋದಾಗ ಆಕೆ ಕಟ್ಟೆಯ ಮೇಲೆ ಕುಳಿತಿದ್ದಳು. ನಾವು ಕ್ಷಮೆ ಕೇಳಿದೆವು. ಆಕೆಗೆ ಅದು ವಿಚಿತ್ರವಾಗಿ ತೋರಿತು. "ಅದಿರ್ಲಿ, ಮೊದಲ ರೊಟ್ಟಿ ಉಣ್ಣ ಬಾ," ಎಂದಳು. ಉಂಡ ಮೇಲೆ ಆರನೆಯ ನಮೂನೆಯನ್ನು ತುಂಬಿದೆವು. ನಿಮ್ಮ ಹೆಸರೇನೆಂದು ಕೇಳಲು, ಸೊಸೆ ಮಧ್ಯದಲ್ಲಿ ಬಾಯಿ ಹಾಕಿದಳು. ಮುದುಕಿ ಆಕೆಯನ್ನು ತಡೆದು, ತನ್ನ ಹೆಸರನ್ನೂ ತನ್ನ ತಂದೆಯ ಹೆಸರನ್ನೂ ತಾನೇ ನಿಧಾನವಾಗಿ ಹೇಳಿದಳು. ಕೆಲವು ವಾರಗಳಲ್ಲಿ ಮತಗಟ್ಟೆಯ ಅಧಿಕಾರಿಯು ಮನೆಗೆ ಬಂದು ವಿಚಾರಿಸಿದನು. ಹೆಸರು ಯಾದಿಗೆ ಸೇರಿತು.

ಅರ್ಜಿಯ ಕೊನೆಯ ಪ್ರಶ್ನೆಗೆ ನಾವು ನಡೆದುದನ್ನು ನಡೆದಂತೆಯೇ ಬರೆದಿದ್ದೆವು. ಮೊದಲಿನ ಎರಡು ಪುಟಗಳನ್ನು ಹತ್ತು ಸಾಲಿಗೆ ಇಳಿಸಿದ್ದೆವು. ಸಂದರ್ಶನದಲ್ಲಿ ಒಬ್ಬರು, "ಹಿಂದಕ್ಕೆ ಕಳುಹಿಸಿದುದನ್ನು ಬರೆಯದೆ ಬಿಡಬಹುದಾಗಿತ್ತಲ್ಲವೆ?" ಎಂದರು. "ಬಿಟ್ಟಿದ್ದರೆ ಉಳಿದುದು ಸುಳ್ಳಾಗುತ್ತಿತ್ತು," ಎಂದೆವು. ಆ ಹುದ್ದೆಯು ನಮಗಿಂತ ಹೆಚ್ಚು ಅನುಭವವುಳ್ಳವರಿಗೆ ದೊರೆಯಿತು, ಅದು ನ್ಯಾಯವೇ. ನಮಗೆ ನಾಲ್ಕು ದಿನ ವ್ಯಥೆಯಾಯಿತೆಂಬುದನ್ನು ಮರೆಮಾಚುವುದಿಲ್ಲ.

2024ರ ಮೇ 7ರಂದು ರಾಯಚೂರು ಲೋಕಸಭಾ ಕ್ಷೇತ್ರದ ಮತದಾನವೂ ಸುರಪುರ ವಿಧಾನಸಭಾ ಕ್ಷೇತ್ರದ ಉಪಚುನಾವಣೆಯೂ ಒಂದೇ ದಿನ ನಡೆದವು. ಹಿಂದೆ ಒಂದು ಮತ ಕಳೆದುಕೊಂಡಿದ್ದ ಆಕೆ ಅಂದು ಎರಡು ಗುಂಡಿಗಳನ್ನು ಒತ್ತಿ ಬಂದಳು. ಮಸಿ ಹಚ್ಚಿದ ಬೆರಳನ್ನು ನಮಗೆ ತೋರಿಸಿ, ಯಾರಿಗೆ ಹಾಕಿದೆನೆಂದು ಮಾತ್ರ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಈಗ ಶನಿವಾರ ಮಧ್ಯಾಹ್ನಗಳಲ್ಲಿ ನಾವು ಸಂಬಳವಿಲ್ಲದೆ ಇದೇ ಕೆಲಸವನ್ನು ಮಾಡುತ್ತಿರುವೆವು. ಗುಳೆ ಹೋಗುವವರು ಹೊರಡುವ ಮುನ್ನವೂ ಬಂದ ಮೇಲೆಯೂ ಯಾದಿಯನ್ನು ನೋಡಿಕೊಳ್ಳಬೇಕೆಂದು ಹೇಳುವೆವು. ನಾಮಪತ್ರ ಸಲ್ಲಿಸುವ ಕಡೆಯ ದಿನವು ಕಳೆದರೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ.

ಪ್ರಿಯ ತಂಗಿಯರೇ, ಹದಿನೇಳು ತುಂಬಿದೊಡನೆ ನೀವು ಮುಂಗಡವಾಗಿ ಆರನೆಯ ನಮೂನೆಯನ್ನು ಸಲ್ಲಿಸಬಹುದು. ಹದಿನೆಂಟಾದ ಮೇಲೆ ಹೆಸರು ಸೇರುವುದು. ನಿಮ್ಮದನ್ನು ತುಂಬುವ ದಿನ ಮನೆಯ ಅಜ್ಜಿಯ ಹೆಸರು ಯಾದಿಯಲ್ಲಿದೆಯೋ ಇಲ್ಲವೋ ನೋಡಿರಿ. ನಾಳೆ ನೀವು ಯಾವ ಕುರ್ಚಿಯಲ್ಲಿ ಕುಳಿತರೂ ಬಾಗಿಲಲ್ಲಿ ನಿಂತವಳ ಮಾತನ್ನು ಪೂರ್ತಿಯಾಗಿ ಕೇಳಿರಿ. ಕಲಿತುದನ್ನು ಒಮ್ಮೆ ಮರೆತುದಕ್ಕೆ ಈ ಲೇಖನವೇ ನಮ್ಮ ತಪ್ಪೊಪ್ಪಿಗೆ.