ವೈರು ಚುಚ್ಚಿದ ಸಂಜೆಗಳು

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ವ್ಯಾಪಾರ. ಸುಗ್ಗಿ ಕಾಲದಲ್ಲಿ ಬಸ್ಸಿಳಿಯುವ ಮೊದಲೇ ಘಾಟು ಮೂಗಿಗೆ ಬಡಿಯುತ್ತದೆ. 2009ರ ಒಂದು ಸೋಮವಾರ, ನಮ್ಮ ಕಾಕಾ ದುಡಿಯುತ್ತಿದ್ದ ದಲಾಲಿ ಅಂಗಡಿಯ ಮುಂದೆ ನಿಂತು ಕಾಯಿ ರಾಶಿಯ ಎಪ್ಪತ್ತು ಫೋಟೊ ತೆಗೆದಿದ್ದೆ. ರಾತ್ರಿ ಹಾವೇರಿಯ ಮನೆಯಲ್ಲಿ ಅವನ್ನು ನೋಡಿದ ಕಾಕಾ, "ಕೆಂಪು ಬಣ್ಣ ಬಳದಂಗೈತಲ್ಲೊ ತಮ್ಮಾ. ಸುಕ್ಕ ಎಲ್ಲದಾವು? ಸುಕ್ಕ ಇಲ್ಲಂದ್ರ ಇದನ್ನ ಬ್ಯಾಡಗಿ ಕಾಯಿ ಅಂತ ಯಾರ ಅಂತಾರ?" ಅಂದರು.

ಅಂಥ ಮಾತು ಹುಟ್ಟುತ್ತಿದ್ದುದು ಕ್ಯಾಮೆರಾಕ್ಕೆ ವೈರು ಚುಚ್ಚಿದ ಮೇಲೆ. ಅಂಚೆಯಲ್ಲಿ ಪುಕ್ಕಟೆ ಬಂದ ಸಿ.ಡಿ.ಯಿಂದ ಕಂಪ್ಯೂಟರಿಗೆ ಹಾಕಿಕೊಂಡ ಉಬುಂಟು 8.04 ಎಂಬ ಲಿನಕ್ಸ್, ಎರಡು ಸೆಲ್ಲಿನ ಕ್ಯಾನನ್ ಪವರ್‌ಶಾಟ್. ಆ ಕ್ಯಾಮೆರಾ ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತಿರಲಿಲ್ಲ. ಪಿಟಿಪಿ ಎಂಬ ಭಾಷೆಯಲ್ಲೇ ಅದನ್ನು ಮಾತಾಡಿಸಬೇಕು. ಲಿನಕ್ಸಿಗೆ ಆ ಭಾಷೆ ಕಲಿಸಿದ್ದು ಜಿಫೋಟೊ. ಯಾವ ಯಾವ ದೇಶದವರೋ ತಮ್ಮ ಬಿಡುವಿನ ವೇಳೆಯಲ್ಲಿ, ಒಂದೊಂದೇ ಮಾದರಿಯ ಕ್ಯಾಮೆರಾ ಪರೀಕ್ಷಿಸಿ ಬರೆದ ತಂತ್ರಾಂಶ ಅದು. ಒಮ್ಮೊಮ್ಮೆ ಡೆಸ್ಕ್‌ಟಾಪೇ ಮೊದಲು ಕ್ಯಾಮೆರಾ ಹಿಡಿದುಕೊಂಡು ಕೂತಿರುತ್ತಿತ್ತು. ಅದರ ಹಿಡಿತ ಬಿಡಿಸುವವರೆಗೆ ಜಿಫೋಟೊಗೆ ಏನೂ ಸಿಗುತ್ತಿರಲಿಲ್ಲ. ಕರೆಂಟು ಹೋಗುವುದರೊಳಗೆ ಮುಗಿಯಲಿ ಎಂಬ ಚಡಪಡಿಕೆ ಬೇರೆ. ಫೋಟೊಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಅಡುಗೆಮನೆಯಿಂದ ಅವ್ವನೂ ಬಂದು ಕೂರುತ್ತಿದ್ದಳು.

ಕಾಕಾ ಹೇಳಿದ್ದು ಸರಿಯಿತ್ತು. ಬಿಸಿಲಲ್ಲಿ ಕಡುಗೆಂಪನ್ನು ಹಿಡಿದರೆ ಚಿತ್ರದಲ್ಲಿ ಕೆಂಪಿನ ಲೆಕ್ಕ 255ಕ್ಕೆ ಮುಟ್ಟಿ ನಿಂತುಬಿಡುತ್ತದೆ; ಅದರಾಚೆಗಿನ ಏರಿಳಿತವೆಲ್ಲ ಒಂದೇ ಬಣ್ಣ. ಗುರುವಾರ ಮತ್ತೆ ಹೋದೆ. ತಾಡಪತ್ರಿಯ ನೆರಳಿನಲ್ಲಿ, ಬೆಳಕನ್ನು ಒಂದು ಮೆಟ್ಟಿಲು ಇಳಿಸಿ ತೆಗೆದೆ. ಆ ರಾತ್ರಿ ಕಾಕಾ ಪರದೆಯ ಮೇಲೆ ಬೆರಳಿಟ್ಟು, "ಇದು ಕಡ್ಡಿ, ಇದು ಡಬ್ಬಿ" ಎಂದು ಒಂದೊಂದೇ ಕಾಯಿಯ ತಳಿ ಗುರುತಿಸಿದರು. ಫೋಟೊ ತೆಗೆಯುವುದನ್ನು ನಾನು ಕಲಿತದ್ದು ಆ ಬೆರಳಿನ ಹಿಂದೆ ಹೋಗುತ್ತಾ.

ಇನ್ನೊಮ್ಮೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಿದ್ದೆ, ಅದು 119 ಚದರ ಕಿಲೋಮೀಟರಿನದು. ನನ್ನ ಜೂಮಿಗೆ ಅಲ್ಲಿ ದಕ್ಕಿದ್ದು ನೀಲಗಿರಿ ಮರಗಳು, ನಡುವೆ ಒಂದಿಷ್ಟು ಚುಕ್ಕೆ. ಪರದೆಯಲ್ಲಿ ಹಿಗ್ಗಿಸಿದಾಗ ಚುಕ್ಕೆಗಳಿಗೆ ಕೋಡು ಮೂಡಿದವು. ಅವ್ವ ಹನ್ನೊಂದು ಚಿಗರಿ ಎಣಿಸಿದಳು. ನಾನು ಒಂಬತ್ತು ಅಂದೆ. ಅವಳೇ ಗೆದ್ದಳು.

ಉಬುಂಟುವಿನವರು ಪುಕ್ಕಟೆ ಸಿ.ಡಿ. ಕಳಿಸುವುದು 2011ರಲ್ಲಿ ನಿಂತಿತು. ಆಮೇಲೆ ಫೋನು ಬಂತು. ತೆಗೆದ ಫೋಟೊ ಆ ಕ್ಷಣವೇ ಎಲ್ಲರ ಕೈಗೂ ಹೋಗುತ್ತದೆ. ಮೇಲೆತ್ತಿದ ಹೆಬ್ಬೆರಳ ಚಿತ್ರವೊಂದು ತಿರುಗಿ ಬರುತ್ತದೆ. ಸುಕ್ಕು ಕಾಣುತ್ತಿಲ್ಲ ಎಂದು ಯಾರೂ ಹೇಳುವುದಿಲ್ಲ. ನನಗೆ ಇದರ ಸಂಕಟವಿದೆ. ಮನೆಯಲ್ಲಿ ಈಗ ಸಾವಿರಾರು ಫೋಟೊಗಳಿವೆ, ಜೊತೆಗೆ ಕೂತು ನೋಡಿದ್ದು ಒಂದೂ ಇಲ್ಲ.

ಮೊನ್ನೆ ಕಪಾಟಿನಲ್ಲಿ ಆ ವೈರು ಸಿಕ್ಕಿತು. ಕ್ಯಾಮೆರಾಕ್ಕೆ ಹೊಸ ಸೆಲ್ಲು ಹಾಕಿದೆ. ಅದು ತಾರೀಖು ಮರೆತಿತ್ತು. ಹೊಸ ಲಿನಕ್ಸಿಗೆ ಮಾತ್ರ ಅದರ ಗುರುತು ಈಗಲೂ ಇದೆ, ಚುಚ್ಚಿದ ಕೂಡಲೇ ಹೆಸರು ಹಿಡಿದು ತೋರಿಸಿತು. ಕಾರ್ಡು ಖಾಲಿ. ಫೋಟೊಗಳೆಲ್ಲ ಕಂಪ್ಯೂಟರಿನಲ್ಲಿವೆ, ಆ ಸೋಮವಾರದ ಎಪ್ಪತ್ತೂ ಸಹ. ಫೋಲ್ಡರಿನ ಹೆಸರು ಕನ್ನಡದಲ್ಲೇ ಇದೆ: 'ಸುಕ್ಕ ಇಲ್ಲದ್ದು'. ಕಾಕಾ ಹೇಳಿದಂತೆ ಒಂದಕ್ಷರವೂ ತಿದ್ದದೆ ನಾನು ಟೈಪು ಮಾಡಿದ್ದು. ಅವರು ತೀರಿಕೊಂಡು ಆರು ವರ್ಷವಾಯಿತು.