ಕೊನೆಯ ಜೀಪಿಗೂ ಕೇಳಿಸಬೇಕು

ಮಲೆನಾಡಿನ ಕಾಡುದಾರಿಯಲ್ಲಿ ಜೀಪು ಓಡಿಸುವ ಗೀಳಿನವರು ಒಂದು ಕಡೆ ಕೂತರೆ ಮಾತು ಟೈರಿನಿಂದ ಶುರುವಾಗುತ್ತದೆ. ಅಲ್ಲಿಂದ ವಿಂಚಿಗೆ ಹೋಗಿ, ಸಸ್ಪೆನ್ಷನ್ ಮೇಲೆ ಒಂದು ಸುತ್ತು ಹೊಡೆದು, ಕಾಫಿ ಮುಗಿಯುವ ಹೊತ್ತಿಗೆ ರೇಡಿಯೋ ಸೆಟ್ಟಿಗೆ ಬಂದು ಮುಟ್ಟುತ್ತದೆ. ನನ್ನನ್ನು ಕೇಳಿದರೆ ಮೊದಲು ಬರಬೇಕಾದ್ದೇ ಆ ಮಾತು. ಸಕಲೇಶಪುರದ ಕಡೆಯ ಎಸ್ಟೇಟ್ ದಾರಿಗಳಲ್ಲಿ ಆರು ಜೀಪು ಸಾಲಾಗಿ ಹೊರಟರೆ, ಎರಡು ತಿರುವು ದಾಟುವಷ್ಟರಲ್ಲಿ ಹಿಂದಿನದು ಕಣ್ಮರೆ. ಮೊಬೈಲಿನ ಸಿಗ್ನಲ್ ಅಷ್ಟರಲ್ಲಾಗಲೇ ಕೈಕೊಟ್ಟಿರುತ್ತದೆ. ಮಳೆ ಹಿಡಿಯಿತೆಂದರೆ ಹಾರ್ನ್ ಕೂಡ ಕೇಳಿಸದು. ಕೊನೆಯ ಜೀಪು ಹೂತುಕೊಂಡರೆ ಮೊದಲನೆಯವನಿಗೆ ಅದು ತಿಳಿಯುವುದು ಹೇಗೆ?

ಮಲೆನಾಡಿಗೆ ಇದು ಹೊಸ ಪ್ರಶ್ನೆಯಲ್ಲ. ಒಂಟಿಮನೆಗಳ ಸೀಮೆಯಲ್ಲಿ ಗುಡ್ಡದ ಈ ಮಗ್ಗುಲಿಂದ ಆ ಮಗ್ಗುಲಿಗೆ ಕೂ ಹಾಕಿಯೇ ಸುದ್ದಿ ಮುಟ್ಟಿಸುತ್ತಿದ್ದರು. ಕೂಗಿದವರು ಮರುಕೂಗು ಕೇಳುವ ತನಕ ಕಾಯುತ್ತಿದ್ದರು. ಆ ಕಾಯುವಿಕೆಯಲ್ಲಿ ಒಂದು ವಿವೇಕವಿತ್ತು. ಅದು ರೇಡಿಯೋ ಹಿಡಿದವರಿಗೂ ಬೇಕು.

ಜೀಪಿಗೂ ವಾಕಿಟಾಕಿಗೂ ಹಳೆಯ ನಂಟು; ಎರಡೂ ಎರಡನೇ ಮಹಾಯುದ್ಧದ ಕೂಸುಗಳು. ವಿಲ್ಲೀಸ್ ಜೀಪು 1941ರಲ್ಲಿ ಕಾರ್ಖಾನೆಯಿಂದ ಹೊರಬಂತು. ಅದೇ ಹೊತ್ತಿನಲ್ಲಿ, ಮುಂದೆ ಮೊಟೊರೊಲಾ ಎಂದು ಹೆಸರಾದ ಗ್ಯಾಲ್ವಿನ್ ಕಂಪನಿ ಅಮೆರಿಕದ ಸೈನ್ಯಕ್ಕಾಗಿ ಬೆನ್ನಿಗೆ ಹೊರುವ ಎಸ್‌ಸಿಆರ್-300 ಎಂಬ ಸೆಟ್ಟು ಮಾಡಿತು. ತೂಕ ಸುಮಾರು 16 ಕಿಲೋ. ಅದರ ಹಿಂದಿದ್ದ ಎಂಜಿನಿಯರ್ ಡೇನಿಯಲ್ ನೋಬಲ್ ಎಎಂ ಬಿಟ್ಟು ಎಫ್‌ಎಂ ಹಿಡಿದರು. ಎಂಜಿನ್ನಿನ ಸ್ಪಾರ್ಕು, ಸಿಡಿಲು, ವಿದ್ಯುತ್ ಯಂತ್ರಗಳ ಗೊರಗೊರವೆಲ್ಲ ಎಎಂನಲ್ಲಿ ಮಾತಿನ ಜೊತೆಗೇ ಕಿವಿಗೆ ಬೀಳುತ್ತದೆ. ಎಫ್‌ಎಂ ಬಹುಪಾಲು ಅದನ್ನು ಹೊರಗಿಡುತ್ತದೆ. ಹಳೆಯ ಪೆಟ್ರೋಲ್ ಜೀಪಿನಲ್ಲಿ ಎಎಂ ಸೆಟ್ಟು ಇಟ್ಟು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರಿ, ಈಗ ನಮ್ಮಲ್ಲಿ ಯಾವುದನ್ನು ಕೊಳ್ಳಬೇಕು? ಮೊದಲ ದಾರಿ ಸಿಬಿ, ಅಂದರೆ 27 ಮೆಗಾಹರ್ಟ್ಸ್ ಆಸುಪಾಸಿನ ಸಿಟಿಜನ್ ಬ್ಯಾಂಡ್. 2005ರ ನಿಯಮದ ಪ್ರಕಾರ 5 ವ್ಯಾಟ್‌ವರೆಗೆ ಪರವಾನಗಿ ಬೇಕಿಲ್ಲ. ಆದರೆ ಅದರ ಅಲೆಯ ಉದ್ದ 11 ಮೀಟರ್. ಅಷ್ಟು ದೊಡ್ಡ ಅಲೆಗೆ ಗೇಣುದ್ದದ ಆಂಟೆನಾ ಕೊಟ್ಟರೆ ಸೆಟ್ಟಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಹೊರಗೇ ಹೋಗುವುದಿಲ್ಲ. ಎರಡನೆಯದು 446.0ರಿಂದ 446.2 ಮೆಗಾಹರ್ಟ್ಸ್‌ನ ಸಣ್ಣ ಕೈ ಸೆಟ್ಟು. 2018ರ ನಿಯಮ ಇದನ್ನೂ ಪರವಾನಗಿಯಿಂದ ಮುಕ್ತ ಮಾಡಿದೆ. ಅಲೆ ಬರೀ 67 ಸೆಂಟಿಮೀಟರ್ ಆದ್ದರಿಂದ ಬೆರಳುದ್ದದ ಆಂಟೆನಾದಲ್ಲೂ ಕೆಲಸ ನಡೆಯುತ್ತದೆ. ಶಕ್ತಿ ಕಡಿಮೆ, ಒದ್ದೆ ಎಲೆಗಳ ನಡುವೆ ಬೇಗ ಸೊರಗುತ್ತದೆ. ಆದರೂ ಒಂದರ ಹಿಂದೊಂದು ಸಾಗುವ ಜೀಪುಗಳಿಗೆ ಸಾಲುತ್ತದೆ.

ಮೂರನೆಯದು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ. 144ರಿಂದ 146 ಮೆಗಾಹರ್ಟ್ಸ್‌ನಲ್ಲಿ, ಜೀಪಿನ ಚಾವಣಿಯ ಮೇಲೆ ಅರ್ಧ ಮೀಟರಿನ ಆಂಟೆನಾ ನಿಲ್ಲಿಸಿ ಮಾತಾಡಿದರೆ ಅದರ ಗತ್ತೇ ಬೇರೆ. ಕಬ್ಬಿಣದ ಚಾವಣಿಯೇ ಆಂಟೆನಾಕ್ಕೆ ಅರ್ಧ ಬಲ. ಆದರೆ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು, ಅದೂ ಮಾತಾಡುವ ಪ್ರತಿಯೊಬ್ಬರೂ. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ಬೆಂಗಳೂರಿನಲ್ಲಿ ಹ್ಯಾಮ್ ಕಲಿಸುವವರಿಗೆ ಕೊರತೆಯಿಲ್ಲ. ಗುಂಪಿಗೆ ಗುಂಪೇ ಒಂದು ಬೇಸಿಗೆ ಕೂತು ಓದಿದರೆ ಆಗುವ ಕೆಲಸ ಇದು. ಓದಿ ಎಂದು ನಾನು ಮನಸಾರೆ ಹೇಳುತ್ತೇನೆ.

ಇನ್ನೊಂದು ಮಾತು, ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಿಗೆ. ಅಲ್ಲಿ ಜೀಪಿನವರಲ್ಲಿ ಈಗ ಜಿಎಂಆರ್‌ಎಸ್ ಎಂಬ ರೇಡಿಯೋ ಸೇವೆ ಬಲು ಜನಪ್ರಿಯ. 35 ಡಾಲರ್ ಕಟ್ಟಿದರೆ ಇಡೀ ಮನೆಮಂದಿಗೆ ಹತ್ತು ವರ್ಷದ ಪರವಾನಗಿ, ಪರೀಕ್ಷೆಯಿಲ್ಲ, 50 ವ್ಯಾಟ್‌ವರೆಗೆ ಅವಕಾಶ. ಊರಿಗೆ ಬರುವಾಗ ಮಗನೋ ಅಳಿಯನೋ ಪ್ರೀತಿಯಿಂದ ಒಂದು ಜೊತೆ ತಂದುಕೊಡುತ್ತಾರೆ. ಆ ಸೆಟ್ಟುಗಳು ನಡೆಯುವುದು 462 ಮತ್ತು 467 ಮೆಗಾಹರ್ಟ್ಸ್‌ನಲ್ಲಿ. ನಮ್ಮ ದೇಶದಲ್ಲಿ ಆ ತರಂಗಾಂತರಗಳಲ್ಲಿ ಪರವಾನಗಿಯಿಲ್ಲದೆ ಮಾತಾಡುವಂತಿಲ್ಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಎಲ್ಲ ತರಂಗವನ್ನೂ ಹಿಡಿಯುವ 5 ವ್ಯಾಟ್ ಸೆಟ್ಟುಗಳ ಕಥೆಯೂ ಇದೇ. ಇಂಥ ಮಾರಾಟಕ್ಕೆ ಕಡಿವಾಣ ಹಾಕಲೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕೊಳ್ಳುವಾಗ ತರಂಗಾಂತರ ನೋಡಿ, ಸೆಟ್ಟಿನ ಮಾದರಿಗೆ ಸರ್ಕಾರದ ಒಪ್ಪಿಗೆಯಿದೆ ಎನ್ನುವ ಇಟಿಎ ಪ್ರಮಾಣಪತ್ರ ಕೇಳಿ. ಪೊಲೀಸರೋ ಅಗ್ನಿಶಾಮಕದವರೋ ಮಾತಾಡುವ ತರಂಗಕ್ಕೆ ನಮ್ಮ ಪ್ರವಾಸದ ಹರಟೆ ನುಗ್ಗಬಾರದು.

ವ್ಯಾಟ್ ಹೆಚ್ಚಿದರೆ ದೂರ ಹೆಚ್ಚುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಏನೂ ಅಡ್ಡವಿಲ್ಲದ ಬಯಲಲ್ಲೇ ದೂರ ಎರಡು ಪಟ್ಟಾಗಲು ಶಕ್ತಿ ನಾಲ್ಕು ಪಟ್ಟು ಬೇಕು. ನಡುವೆ ಗುಡ್ಡ ನಿಂತರೆ ಆ ಲೆಕ್ಕವೂ ಇಲ್ಲ. ಗುಡ್ಡಕ್ಕೆ ಮದ್ದು ಎತ್ತರ. ನಡುವಿನ ಜೀಪೊಂದನ್ನು ದಿಬ್ಬದ ನೆತ್ತಿಯಲ್ಲಿ ನಿಲ್ಲಿಸಿ, ಮುಂದಿನ ಮಾತನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ದಾಟಿಸಿದರೆ ಸಣ್ಣ ಸೆಟ್ಟುಗಳೇ ದೊಡ್ಡ ಕೆಲಸ ಮಾಡುತ್ತವೆ. ಕೈ ಸೆಟ್ಟನ್ನು ಸೀಟಿನ ಮೇಲಿಟ್ಟು ಗಾಜು ಏರಿಸಿ ಕೂಗುವವರನ್ನು ನೋಡಿದ್ದೇನೆ. ಕಬ್ಬಿಣದ ಪೆಟ್ಟಿಗೆಯೊಳಗಿನಿಂದ ಅಲೆ ಹೊರಬರಲು ತಿಣುಕುತ್ತದೆ. ಗಾಜು ಇಳಿಸಿ, ಸೆಟ್ಟನ್ನು ಹೊರಗೆ ನೆಟ್ಟಗೆ ಹಿಡಿದು ಮಾತಾಡಿ. ಖರ್ಚಿಲ್ಲದ ಸುಧಾರಣೆ ಅದು.

ಇನ್ನು ವಿಂಚಿನ ಹೊತ್ತು. ಕೆಸರು ಏರಿನಲ್ಲಿ ಹೂತ ಜೀಪಿಗೆ ಮೇಲಿನ ಮರದಿಂದ ಹಗ್ಗ ಬಿಗಿಯಾಗಿದೆ. ಸ್ಟೇರಿಂಗ್ ಹಿಡಿದವನಿಗೆ ಬಾನೆಟ್ಟಿನಾಚೆ ಆಕಾಶ ಬಿಟ್ಟು ಏನೂ ಕಾಣದು. ದಾರಿ ತೋರಿಸುವವನು ಪಕ್ಕದ ಬರೆಯ ಮೇಲೆ ನಿಂತಿದ್ದಾನೆ. ಆಗ ರೇಡಿಯೋದಲ್ಲಿ ಬರುವ ಒಂದೊಂದು ಮಾತಿಗೂ ಜೀವದ ಬೆಲೆ. ನಮ್ಮ ಮಾತಿನಲ್ಲಿ ಬೇಡ ಎನ್ನುವುದು ಕ್ರಿಯಾಪದದ ಬಾಲದಲ್ಲಿ ಬರುತ್ತದೆ. ಹೇಳಿ ಮುಗಿಸುವ ಮೊದಲೇ ಬಟನ್ ಬಿಟ್ಟರೆ ‘ಎಳೀಬೇಡ’ ಎಂಬುದು ‘ಎಳಿ’ ಎಂದಷ್ಟೇ ಕೇಳಿಸೀತು. ಆದ್ದರಿಂದ ತಡೆಯುವ ಮಾತು ಒಂದೇ ಇರಲಿ: ‘ನಿಲ್ಲು, ನಿಲ್ಲು.’ ಬಟನ್ ಒತ್ತಿ, ಒಂದು ಉಸಿರು ತಡೆದು, ಹೇಳಿ, ಮತ್ತೊಂದು ಉಸಿರಿನ ನಂತರ ಬಿಡಿ. ಕೇಳಿದವನು ಅದನ್ನೇ ತಿರುಗಿ ಹೇಳಬೇಕು. ಅಡಿಕೆ ಮರದ ತುದಿಯಲ್ಲಿ ಕೊನೆ ಕೊಯ್ಯುವವನೂ ಕೆಳಗೆ ಹಗ್ಗ ಹಿಡಿದವನೂ ಆಡುವ ಮಾತಿನ ಹಾಗೆ: ಚುಟುಕು, ಖಚಿತ, ಓಗೊಟ್ಟ ಮೇಲೇ ಮುಂದಿನ ಕೆಲಸ.

ಇಷ್ಟೆಲ್ಲ ಹೇಳಿದ್ದು ಒಂದೇ ಮಾತಿಗಾಗಿ. ರೇಡಿಯೋ ಆರಿಸುವಾಗ ಗುಂಪಿನ ಅತ್ಯುತ್ತಮ ಸೆಟ್ಟಿನಿಂದ ಲೆಕ್ಕ ಹಾಕಬಾರದು. ಕೊನೆಯ ಜೀಪಿನಲ್ಲಿ ಕೂತ ಹೊಸಬರಿಂದ ಹಾಕಬೇಕು. ನಾಯಕನ ಬಳಿ ಹ್ಯಾಮ್ ಸೆಟ್ಟಿದ್ದು ಹೊಸಬರ ಬಳಿ ಏನೂ ಇಲ್ಲದಿದ್ದರೆ ಗುಂಪಿಗೆ ರೇಡಿಯೋ ಇಲ್ಲವೆಂದೇ ಅರ್ಥ. ಆರೂ ಜೀಪಿಗೆ ಒಂದೇ ಬಗೆಯ 446ರ ಸೆಟ್ಟು ಕೊಳ್ಳಿ, ಒಂದೇ ಚಾನೆಲ್ ಇಟ್ಟುಕೊಳ್ಳಿ, ಪವರ್‌ಬ್ಯಾಂಕ್ ಜೊತೆಗಿರಲಿ. ಹೊರಡುವ ಮುಂಚೆ ಕೊನೆಯ ಜೀಪನ್ನು ತಿರುವಿನಾಚೆ ಕಳಿಸಿ, ಅಲ್ಲಿಂದ ಅವರೇ ಮೊದಲು ಕರೆಯಲಿ. ಆ ದನಿ ಎಲ್ಲರಿಗೂ ಸ್ಪಷ್ಟವಾಗಿ ಕೇಳಿದ ಮೇಲೆ ಗೇರು ಹಾಕಿ. ಕೇಳದಿದ್ದರೆ ಅಂತರ ತಗ್ಗಿಸಿ. ನಿಮ್ಮ ಸಾಲು ಎಷ್ಟು ಉದ್ದವಿರಬಹುದು ಎಂಬುದನ್ನು ಆ ಸೆಟ್ಟೇ ಹೇಳಿಬಿಟ್ಟಿದೆ.